ಹೆಂಡತಿಯ ಊರು

ಗಾಳಿ ಇನ್ನಷ್ಟು ಕೆಡಲಿ ಎಂದು ಕೃಷ್ಣಮೂರ್ತಿ ಬೆಳಗ್ಗೆ ಆರು ಗಂಟೆಯಿಂದ ಫೋನು ನೋಡುತ್ತ ಕೂತಿದ್ದರು. ಎದ್ದಾಗ ಗಾಳಿಯ ಸೂಚ್ಯಂಕ ಮುನ್ನೂರ ಹನ್ನೆರಡು ಇತ್ತು. ಹಲ್ಲುಜ್ಜಿ ಬಂದು ನೋಡಿದರೆ ಮುನ್ನೂರ ಎಂಟು. ನವೆಂಬರ್ ತಿಂಗಳಲ್ಲಿ ಗ್ರೇಟರ್ ನೋಯ್ಡಾದ ಹದಿನಾಲ್ಕನೆಯ ಮಹಡಿಯಿಂದ ನೋಡಿದರೆ ಎದುರಿನ ಟವರ್ ಕಾಣಬಾರದು, ಅದು ನ್ಯಾಯ. ಇವತ್ತು ಅಲ್ಲಿನ ಬಾಲ್ಕನಿಯಲ್ಲಿ ಒಣಹಾಕಿದ ಬನಿಯನ್ನುಗಳನ್ನು ಎಣಿಸಬಹುದಿತ್ತು. ನಾನೂರು ದಾಟಿದರೆ ವಯಸ್ಸಾದವರು ಮನೆಯಲ್ಲೇ ಇರತಕ್ಕದ್ದು ಎಂದು ಸರ್ಕಾರವೇ ಹೇಳುತ್ತದೆ. ಮೂವತ್ತಾರು ವರ್ಷ ಅದೇ ಸರ್ಕಾರದ ಕೆಲಸ ಮಾಡಿದ್ದರೂ ಅದರ ಒಂದು ಎಚ್ಚರಿಕೆಗಾಗಿ ಅವರು ಇಷ್ಟು ಆಸೆಯಿಂದ ಕಾದದ್ದು ಇದೇ ಮೊದಲು. ದಾಟಿದ್ದರೆ ಹೆಂಡತಿ ಇಂದಿರಮ್ಮನವರಿಗೆ ಫೋನು ತೋರಿಸಿ, "ನೋಡು, ನಾನೇನು ಮಾಡಲಿ" ಎನ್ನಬಹುದಿತ್ತು. ಇಂದಿರಮ್ಮ ದೆಹಲಿಯ ಹೌಜ್ ಖಾಸಿನ ಮೀಟಿಂಗ್ ಹಾಲಿಗೆ ಹೋಗುತ್ತಿರಲಿಲ್ಲ. ಅಲ್ಲಿ ಕನ್ನಡ ಬಳಗದ ಮೂರನೆಯ ಭಾನುವಾರದ ‘ನಮ್ಮೂರ ನೆನಪು’ ಕಾರ್ಯಕ್ರಮದಲ್ಲಿ ಮೈಕಿನ ಮುಂದೆ ನಿಲ್ಲುತ್ತಿರಲಿಲ್ಲ. ತಮ್ಮ ಊರು ಹೊಸಗೆರೆಯ ಬಾಲ್ಯದ ಕಥೆಗಳನ್ನು ಹೇಳುತ್ತಿರಲಿಲ್ಲ. ಆ ಕಥೆಗಳನ್ನೆಲ್ಲ ಕೃಷ್ಣಮೂರ್ತಿ ಅದೇ ಮೈಕಿನಲ್ಲಿ, ಅದೇ ಜನರಿಗೆ, ತಮ್ಮ ಬಾಲ್ಯವೆಂದು ಹನ್ನೆರಡು ವರ್ಷದಿಂದ ಹೇಳಿ ಮುಗಿಸಿದ್ದರು ಎಂಬುದು ಹೊರಗೆ ಬರುತ್ತಿರಲಿಲ್ಲ.

"ಮುನ್ನೂರ ಎಂಟು ಇದೆ," ಎಂದರು ಅಡಿಗೆಮನೆಯ ಬಾಗಿಲಲ್ಲಿ ನಿಂತು. "ನಿನಗೆ ಕೆಮ್ಮು ಬೇರೆ."

"ನಂಗೆಲ್ಲಿದೆ ಕೆಮ್ಮು? ನಿಮಗಿರೋದು," ಎಂದರು ಇಂದಿರಮ್ಮ. ಮೆಂತ್ಯದ ಬಣ್ಣದ ಮೈಸೂರು ಸಿಲ್ಕ್ ಉಟ್ಟು ಆಗಲೇ ತಯಾರಾಗಿದ್ದರು. "ಮಾಸ್ಕ್ ಹಾಕ್ಕೋತೀನಿ ಬಿಡಿ."

ಮಾಸ್ಕ್ ಹಾಕಿಕೊಂಡರೆ ಹೊಗೆಯೇನೋ ಒಳಗೆ ಹೋಗುವುದಿಲ್ಲ, ಆದರೆ ಮಾತು ಹೊರಗೆ ಬರುತ್ತದಲ್ಲ ಎಂದುಕೊಂಡು ಕೃಷ್ಣಮೂರ್ತಿ ಮತ್ತೆ ಬಾಲ್ಕನಿಗೆ ಬಂದರು. ಕದಿಯಬೇಕೆಂದು ಅವರು ಹೊರಟದ್ದಲ್ಲ. ರಿಟೈರಾದ ವರ್ಷ ಬಳಗದ ಕಾರ್ಯದರ್ಶಿ ವೈಜಯಂತಿ, ಬರಬೇಕಿದ್ದ ಭಾಷಣಕಾರರು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡರೆಂದು, ಮೂಲೆಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ ಇವರನ್ನು ಕೈಹಿಡಿದು ವೇದಿಕೆಗೆ ಎಳೆದಿದ್ದರು. "ಸರ್, ನಿಮ್ಮೂರಿನ ಬಗ್ಗೆ ಒಂದೈದು ನಿಮಿಷ." ಆದರೆ ಅವರಿಗೆ ಊರೇ ಇರಲಿಲ್ಲ. ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಎರಡು ವರ್ಷಕ್ಕೊಮ್ಮೆ ವರ್ಗ. ಎಲ್ಲಿ ಹೋದರೂ ಅದೇ ಹಳದಿ ಗೋಡೆಯ ಕ್ವಾರ್ಟರ್ಸು, ಅದೇ ಕೆಂಪು ಬಕೆಟ್ಟು, ಅದೇ ನಲ್ಲಿಯ ಹತ್ತಿರ ಅದೇ ಜಗಳ. ಸ್ನೇಹಿತನೊಬ್ಬ ಸಿಗುವಷ್ಟರಲ್ಲಿ ಸಾಮಾನು ವ್ಯಾಗನ್ ಹತ್ತುತ್ತಿತ್ತು. ಅದನ್ನು ಯಾರು ಕೇಳುತ್ತಾರೆ? ಮೈಕಿನ ಮುಂದೆ ನಿಂತಾಗ ಬಿಸ್ಕತ್ತಿನ ಪುಡಿ ಇನ್ನೂ ಬಾಯಲ್ಲಿತ್ತು. ನಮ್ಮ ಮನೆಯವರ ಊರಿನಲ್ಲಿ ಎಂದು ಹೇಳಹೊರಟವರು "ನಮ್ಮೂರಿನಲ್ಲಿ..." ಎಂದು ಶುರುಮಾಡಿಬಿಟ್ಟರು. ಅಲ್ಲಿಂದ ಹಿಂದೆ ಬರಲು ಜಾಗವೇ ಸಿಗಲಿಲ್ಲ. ಟೂರಿಂಗ್ ಟಾಕೀಸಿನಲ್ಲಿ ರೀಲು ಅದಲುಬದಲಾಗಿ ಹೀರೋ ಮೊದಲು ಸತ್ತು ಆಮೇಲೆ ಮದುವೆಯಾದದ್ದು, ಇದೇ ಚೆನ್ನಾಗಿದೆ, ಕೊನೆಗೆ ಎಲ್ಲರೂ ಸುಖವಾಗಿದ್ದಾರೆ, ನಾಳೆಯೂ ಹೀಗೇ ಹಾಕಿ ಎಂದು ಊರಿನ ಅಜ್ಜಿಯರು ಮ್ಯಾನೇಜರನ್ನು ಮುತ್ತಿಕೊಂಡದ್ದು. ಎಂಬತ್ತು ಜನ ಒಟ್ಟಿಗೆ ನಕ್ಕರು. ಮೂವತ್ತಾರು ವರ್ಷ ಕಡತಗಳ ಮೇಲೆ ‘ಮಂಡಿಸಿದೆ’, ‘ಪರಿಶೀಲಿಸಿದೆ’ ಎಂದು ಟಿಪ್ಪಣಿ ಬರೆದ ಮನುಷ್ಯನ ಮಾತಿಗೆ ಯಾರೂ ಒಂದು ಸಲವೂ ನಕ್ಕಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು ಎಂದುಕೊಂಡೇ ಮೆಟ್ರೊ ಹತ್ತಿದ್ದರು. ಮನೆಗೆ ಬಂದಾಗ ಇಂದಿರಮ್ಮ ಅತ್ತೆಯ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದರು. "ಹೇಗಾಯ್ತು ರೀ?" ಎಂದು ಕೇಳಿದರು. "ಪರವಾಗಿಲ್ಲ," ಎಂದರು ಇವರು. ಹೇಳುವುದು ಮುಂದಿನ ತಿಂಗಳಿಗೆ ಹೋಯಿತು.

ಹನ್ನೆರಡು ವರ್ಷ ಇಂದಿರಮ್ಮ ಬಳಗದ ಕಡೆ ತಲೆಹಾಕಲಿಲ್ಲ, ಏಕೆಂದರೆ ಹಾಸಿಗೆ ಹಿಡಿದ ಅತ್ತೆಯ ಹತ್ತಿರ ಯಾರಾದರೂ ಇರಲೇಬೇಕಿತ್ತು. ಕೃಷ್ಣಮೂರ್ತಿಯವರಿಗೆ ಈ ಮಾತು ಆಗಾಗ ನೆನಪಾಗುತ್ತಿತ್ತು. ನನ್ನ ತಾಯಿಗೆ ಅವಳು ಗಂಜಿ ಕುಡಿಸುವಾಗ ನಾನು ಅವಳ ಬಾಲ್ಯವನ್ನು ಹೌಜ್ ಖಾಸಿನಲ್ಲಿ ಹಂಚುತ್ತಿದ್ದೆ. ತಾಯಿ ತೊಂಬತ್ತಮೂರನೆಯ ವಯಸ್ಸಿನಲ್ಲಿ ಈ ಫಾಲ್ಗುಣದಲ್ಲಿ ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಬಂದ ವೈಜಯಂತಿ ಕೈತೊಳೆದುಕೊಳ್ಳುತ್ತ, "ಮೇಡಂ, ಇನ್ನು ನೀವೂ ಬನ್ನಿ, ಒಂದು ದಿನ ನೀವೂ ಮಾತಾಡಬೇಕು," ಎಂದರು. ತಾಯಿಗಾಗಿ ಅಷ್ಟು ದಿನವೂ ಅಳದ ಕೃಷ್ಣಮೂರ್ತಿಯವರಿಗೆ ಆಗ ಕಣ್ಣಲ್ಲಿ ನೀರು ಬಂತು. ನೋಡಿದವರೆಲ್ಲ ಮಗನೆಂದರೆ ಹೀಗಿರಬೇಕು ಎಂದುಕೊಂಡರು.

ಮಗ ಸಂದೀಪನ ಮಗಳು ಗಾನವಿ ಕಾರು ತೆಗೆದಳು. ಓಖ್ಲಾದ ಬಟ್ಟೆ ರಫ್ತಿನ ಕಂಪನಿಯೊಂದರಲ್ಲಿ ಕೆಲಸ. ವಾರಕ್ಕೆ ಆರು ದಿನ ಇದೇ ದಾರಿಯಲ್ಲಿ ಹೋಗುವವಳು, ಏಳನೆಯ ದಿನವೂ ಇದೇ ದಾರಿಯೇ ಎಂದು ಗೊಣಗುತ್ತಿದ್ದಳು. ಕೃಷ್ಣಮೂರ್ತಿ ಮುಂದೆ ಕೂತರು. ಹಿಂದೆ ಇಂದಿರಮ್ಮ, ಅವರ ತೊಡೆಯ ಮೇಲೆ ಕಂದು ಬಣ್ಣದ ಬ್ಯಾಗು, ಬ್ಯಾಗಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ. ಹದಿನೈದು ದಿನದಿಂದ ಅವರು ಅದರಲ್ಲಿ ಏನೋ ಬರೆಯುತ್ತಿದ್ದರು. ಇವರು ಹತ್ತಿರ ಹೋದರೆ ಮಡಿಸುತ್ತಿದ್ದರು. ನಿನ್ನೆ ಅವರು ಸ್ನಾನಕ್ಕೆ ಹೋದಾಗ ಕೃಷ್ಣಮೂರ್ತಿ ಬ್ಯಾಗಿನ ಜಿಪ್ ತೆಗೆಯಲು ಹೋಗಿ, ಅದು ಅರ್ಧಕ್ಕೆ ಸಿಕ್ಕಿಕೊಂಡು, ಜಿಪ್ಪಿಗೆ ಮೇಣದಬತ್ತಿ ಉಜ್ಜುತ್ತ ನಿಂತಿದ್ದಾಗ ಇಂದಿರಮ್ಮ ತಲೆಗೆ ಟವೆಲು ಸುತ್ತಿಕೊಂಡು ಬಂದಿದ್ದರು. "ಕೆಟ್ಟಿತ್ತು, ಸರಿಮಾಡ್ತಿದ್ದೆ," ಎಂದಿದ್ದರು ಇವರು. "ಸರಿಯಾಗೇ ಇತ್ತು," ಎಂದಿದ್ದರು ಅವರು.

"ಯಾವ ಕಥೆ ಹೇಳ್ತೀಯ?" ಎಕ್ಸ್‌ಪ್ರೆಸ್‌ವೇಗೆ ಬಂದ ಮೇಲೆ ಕೃಷ್ಣಮೂರ್ತಿ ಮುಂದಿನ ಗಾಜನ್ನೇ ನೋಡುತ್ತ ಕೇಳಿದರು.

"ಅಲ್ಲೇ ಕೇಳಿ."

"ಅಲ್ಲ, ಅಲ್ಲಿಯ ಜನ ಸ್ವಲ್ಪ ಗಂಭೀರ. ನಗೆಯ ಕಥೆ ಅವರಿಗೆ ಅಷ್ಟು ಹಿಡಿಸಲ್ಲ. ದೆಹಲಿ ಬಗ್ಗೆ ಹೇಳು. ನಾವು ಮದುವೆಯಾಗಿ ಬಂದಾಗಿನ ಕ್ವಾರ್ಟರ್ಸು, ಸೀಮೆಎಣ್ಣೆ ಸ್ಟೌ..."

"ಅಜ್ಜಿ, ಆ ಬಟ್ಟಲಿಂದು ಹೇಳಿ!" ಎಂದಳು ಗಾನವಿ. "ವೋ ವಾಲಾ, ಖಾಲಿ ವಾಪಸ್ ಕೊಡಬಾರ್ದು ಅಂತ ಎರಡು ಮನೆ ಮಧ್ಯೆ ಓಡಾಡ್ತಾನೇ ಇತ್ತಲ್ಲ, ಸೂಪರ್ ಫನ್ನಿ ಹೈ." ಒಂದು ಕ್ಷಣ ಬಿಟ್ಟು, "ಅರೇ, ಅದು ತಾತನ ಸ್ಟೋರಿ ಅಲ್ವಾ? ತಾತ ನೀವು ಸ್ಟೇಜಲ್ಲಿ..."

ಕೃಷ್ಣಮೂರ್ತಿ ಕೆಮ್ಮಿದರು. ಮೊದಲು ಸುಳ್ಳಿಗೆ ಶುರುವಾದ ಕೆಮ್ಮು ನಡುವೆ ಎಲ್ಲೋ ನಿಜವಾಗಿ, ಕಣ್ಣು ಮೂಗು ಎಲ್ಲ ಸುರಿದು, ಗಾನವಿ ಕಾರಿನ ವೇಗ ಕಡಿಮೆ ಮಾಡಬೇಕಾಯಿತು. ಹಿಂದಿನಿಂದ ನೀರಿನ ಬಾಟಲಿ ಬಂತು. "ನಾನು ಹೇಳ್ಲಿಲ್ವಾ, ಕೆಮ್ಮು ನಿಮಗಿರೋದು," ಎಂದರು ಇಂದಿರಮ್ಮ. ಅವರ ದನಿಯಲ್ಲಿ ಏನಾದರೂ ಇದೆಯೇ ಎಂದು ಕೃಷ್ಣಮೂರ್ತಿ ಕನ್ನಡಿಯಲ್ಲಿ ನೋಡಿದರು. ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ ಕಂಡವು. ನಲವತ್ತೇಳು ವರ್ಷ ಜೊತೆಗಿದ್ದರೂ ಬರೀ ಕಣ್ಣು ನೋಡಿ ಏನೂ ಹೇಳಲಾಗಲಿಲ್ಲ.

ಆ ಬಟ್ಟಲಿನ ಕಥೆ ಹೋಗಲಿ, ಟೆಲಿಫೋನಿನ ಕಥೆಯೂ ಹೋಗಲಿ. ಊರಿಗೆ ಮೊದಲ ಫೋನು ಬಂದಾಗ ಬಟ್ಟೆ ಅಂಗಡಿಯಲ್ಲಿ ಬೊಂಬಾಯಿಯ ಮಗನ ಜೊತೆ ಮಾತಾಡಲು ಇಂದಿರಮ್ಮನ ಅಜ್ಜಿ ಸ್ನಾನಮಾಡಿ ಮಡಿ ಸೀರೆಯುಟ್ಟು ಹೋಗಿ, ಫೋನು ಕಿವಿಗೆ ತಗುಲಿದರೆ ಮೈಲಿಗೆಯೆಂದು ಅರ್ಧ ಅಡಿ ದೂರದಿಂದ ಕೂಗಿದ್ದು. ಇವೆಲ್ಲ ಯಾರ ಬಾಯಲ್ಲಿ ಬಂದರೂ ಯಾರಿಗೂ ನೋವಿಲ್ಲ. ಹೆಚ್ಚೆಂದರೆ ಗಂಡ ಮುದುಕ, ಸುಳ್ಳ ಎಂದಾಗುತ್ತದೆ. ಕೃಷ್ಣಮೂರ್ತಿಯವರನ್ನು ಹದಿನೈದು ದಿನದಿಂದ ನಿದ್ದೆಗೆಡಿಸಿದ್ದು ಇನ್ನೊಂದು ಕಥೆ. ಅದನ್ನು ಇಂದಿರಮ್ಮ ಹೇಳಿದ್ದು ಒಂದೇ ಸಲ. ಅವರ ಅಪ್ಪ, ಹೊಸಗೆರೆಯ ಪ್ರೈಮರಿ ಸ್ಕೂಲಿನ ಮೇಷ್ಟ್ರು, ತೀರಿಹೋದರೆಂದು ಟೆಲಿಗ್ರಾಂ ಬಂದ ದಿನ. ರೈಲಿಗೆ ಟಿಕೆಟ್ ಸಿಕ್ಕಿರಲಿಲ್ಲ, ಮಣ್ಣಿಗೆ ಹೋಗಲಾಗುವುದಿಲ್ಲವೆಂದು ಗೊತ್ತಾಗಿತ್ತು. ಕ್ವಾರ್ಟರ್ಸಿನ ಅಡಿಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಅಳದೆ, ಗೋಡೆಗೆ ಹೇಳುವಂತೆ ಹೇಳಿದ್ದರು. ಇಂದಿರಮ್ಮ ಅಪ್ಪನ ಕ್ಲಾಸಿನಲ್ಲೇ ಮೂರನೆಯ ಇಯತ್ತೆಯ ಹುಡುಗಿ. ಇನ್ಸ್‌ಪೆಕ್ಟರು ಬಂದಿದ್ದರು. ಮಕ್ಕಳಿಗೆ ಬೇಡ, ಮೇಷ್ಟ್ರೇ, ನೀವೇ ಹದಿನೇಳರ ಮಗ್ಗಿ ಹೇಳಿ ಎಂದರು. ಅಪ್ಪ ಏಳರವರೆಗೆ ಹೇಳಿದರು. ಎಂಟಕ್ಕೆ ನಿಂತರು. ತುಟಿ ಅಲ್ಲಾಡುತ್ತಿತ್ತು, ಶಬ್ದ ಇರಲಿಲ್ಲ. ಎರಡನೆಯ ಸಾಲಿನಿಂದ ಇಂದಿರೆ, ಅಪ್ಪನಿಗೆ ಸಹಾಯವಾಗಲೆಂದು, "ನೂರ ಮೂವತ್ತಾರು" ಎಂದಳು. ಇನ್ಸ್‌ಪೆಕ್ಟರು ಗಹಗಹಿಸಿ, "ನಾಳೆಯಿಂದ ಕ್ಲಾಸು ಈ ಹುಡುಗಿಯೇ ತಗೊಳ್ಳಲಿ" ಎಂದರು. ಮಕ್ಕಳೂ ನಕ್ಕರು. ಅಪ್ಪನೂ ನಕ್ಕರು. ಸಂಜೆ ಅವರು ಹಿತ್ತಲಲ್ಲಿ ಬೆನ್ನು ತಿರುಗಿಸಿ ನಿಂತು ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದುದು ಕೇಳಿಸಿತು. ಬಯ್ಯಲಿಲ್ಲ. ಆದರೆ ಆ ವರ್ಷವೆಲ್ಲ ಕ್ಲಾಸಿನಲ್ಲಿ ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಾನು ಸುಮ್ನಿರಬೇಕಿತ್ತು," ಎಂದಿದ್ದರು ಇಂದಿರಮ್ಮ ಅಡಿಗೆಮನೆಯ ಗೋಡೆಗೆ. "ಎಂಟು ವರ್ಷದವಳಿಗೆ ಏನು ಗೊತ್ತಿರತ್ತೆ," ಎಂದು ಕೃಷ್ಣಮೂರ್ತಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಿದ್ದರು. ಕೈ ಹಿಡಿದದ್ದು ನಿಜ. ಅದರಲ್ಲಿ ಸುಳ್ಳಿರಲಿಲ್ಲ.

ಮೂರು ವರ್ಷದ ಹಿಂದೆ ಬಳಗದಲ್ಲಿ ಕಥೆಗಳು ಮುಗಿದಿದ್ದವು. ಜನ ಕೈಗಡಿಯಾರ ನೋಡತೊಡಗಿದ್ದರು. ಆಗ ಕೃಷ್ಣಮೂರ್ತಿಯವರ ಬಾಯಿಗೆ ಅದು ಬಂದುಬಿಟ್ಟಿತು. "ನಮ್ಮಪ್ಪ ಮೇಷ್ಟ್ರು," ಎಂದರು. ಇನ್ಸ್‌ಪೆಕ್ಟರ ಮೀಸೆ, ಅಪ್ಪನ ತುಟಿ, ಎರಡನೆಯ ಸಾಲಿನ ಪುಟ್ಟ ಕೃಷ್ಣಮೂರ್ತಿ, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ಹಿತ್ತಲನ್ನು ಬಿಟ್ಟರು, ಅದರಲ್ಲಿ ನಗು ಇರಲಿಲ್ಲ. ದೇವೇಂದ್ರಪ್ಪ ಎಂಬ ರಿಟೈರ್ಡ್ ಆಡಿಟರು ತೊಡೆ ತಟ್ಟಿ ನಕ್ಕು ಕುರ್ಚಿಯಿಂದ ಜಾರಿದರು. ಅಂದಿನಿಂದ ಅವರು ಎಲ್ಲಿ ಸಿಕ್ಕಿದರೂ ನಮಸ್ಕಾರದ ಬದಲು "ನೂರ ಮೂವತ್ತಾರು!" ಎನ್ನುತ್ತಾರೆ. ಪ್ರತಿ ಸಲವೂ ಕೃಷ್ಣಮೂರ್ತಿ ನಗುತ್ತಾರೆ, ಮತ್ತು ಪ್ರತಿ ಸಲವೂ ತಾನೊಬ್ಬ ನೀಚನೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಹಾಲಿನ ಬಾಗಿಲಲ್ಲೇ ದೇವೇಂದ್ರಪ್ಪ ನಿಂತಿದ್ದರು. ಕೃಷ್ಣಮೂರ್ತಿ ದೂರದಿಂದಲೇ ಎರಡೂ ಕೈಯೆತ್ತಿ, "ನಮಸ್ಕಾರ, ನಮಸ್ಕಾರ, ನಮ್ಮ ಮನೆಯವರು, ನಮಸ್ಕಾರ," ಎಂದು ಅವರ ಬಾಯಿಗೆ ಬಿಡುವು ಕೊಡದೆ ನುಗ್ಗಿದರು. ಒಳಗೆ ಬಿಸಿಬೇಳೆಬಾತಿನ ವಾಸನೆ ಆಗಲೇ ಬರುತ್ತಿತ್ತು. ಇಂದಿರಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದಾಯಿತು. ಅವರ ಎಡಕ್ಕೆ ಗಾನವಿ, ಬಲಕ್ಕೆ ತಾವು. ವೈಜಯಂತಿ ಮೈಕು ಹಿಡಿದು, "ಹೊಸಗೆರೆ ಅಂದ್ರೆ ನಮಗೆಲ್ಲ ಮೂರ್ತಿ ಸರ್," ಎಂದಾಗ ಚಪ್ಪಾಳೆ ಬಿತ್ತು. "ಇವತ್ತು ಅದೇ ಊರಿನ ಬಗ್ಗೆ ಮೇಡಂ ಮಾತಾಡ್ತಾರೆ. ಒಂದೇ ಊರಿನ ಗಂಡ ಹೆಂಡತಿ, ಎಂಥ ಅದೃಷ್ಟ ನೋಡಿ." ಇಂದಿರಮ್ಮ ಮಾಸ್ಕ್ ತೆಗೆದು ಮಡಿಸಿ ಗಂಡನ ಕೈಗೆ ಕೊಟ್ಟರು. ಬ್ಯಾಗು ತೆರೆದರು, ಜಿಪ್ಪು ಸಲೀಸಾಗಿ ಸರಿಯಿತು. ಹಾಳೆ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಮೊಣಕಾಲು ನೋವಿದ್ದರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಗ್ಯಾಸ್ ಆಫ್ ಮಾಡಿಲ್ಲ ಎಂದು ಈಗ ಕೂಗಿದರೆ ಹೇಗೆ ಎಂದು ಕೃಷ್ಣಮೂರ್ತಿ ಯೋಚಿಸಿದರು. ಹೊರಡುವಾಗ ಆಫ್ ಮಾಡಿದ್ದು ತಾವೇ. ಆದರೂ ಕೂಗಬಹುದಿತ್ತು.

"ಎಲ್ಲರಿಗೂ ನಮಸ್ಕಾರ," ಎಂದರು ಇಂದಿರಮ್ಮ. ಮೈಕಿನಲ್ಲಿ ಅವರ ದನಿ ಮನೆಯಲ್ಲಿದ್ದಂತೆಯೇ ಇತ್ತು. "ನಮ್ಮದು ಒಂದೇ ಊರಲ್ಲ. ಹೊಸಗೆರೆ ನಂದು. ಮದುವೇಲಿ ನಮ್ಮಪ್ಪ ಇವರಿಗೆ ಒಂದು ಉಂಗುರ, ಎರಡು ಜರಿ ಪಂಚೆ, ಒಂದು ಛತ್ರಿ ಕೊಟ್ಟಿದ್ರು. ಊರು ಕೊಟ್ಟಿರಲಿಲ್ಲ. ಅದನ್ನ ಇವರೇ ತಗೊಂಡ್ರು."

ಮೊದಲು ಯಾರೂ ನಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ನಕ್ಕಳು, ಅಲ್ಲಿಂದ ನಗು ಮುಂದಕ್ಕೆ ಬರುತ್ತ ಬರುತ್ತ ಕೃಷ್ಣಮೂರ್ತಿಯವರ ಕತ್ತಿನ ಹಿಂಭಾಗಕ್ಕೆ ಬಂದು ತಾಗಿತು. ಕೈಯಲ್ಲಿದ್ದ ಮಾಸ್ಕನ್ನು ಹಾಕಿಕೊಂಡರು. ಅದು ಹೆಂಡತಿಯದೆಂದು ಪೌಡರಿನ ವಾಸನೆ ಬಂದಾಗ ತಿಳಿಯಿತು.

"ನಂಗೆ ಹನ್ನೆರಡು ವರ್ಷದಿಂದ ಗೊತ್ತು," ಎಂದರು ಇಂದಿರಮ್ಮ. "ವೈಜಯಂತಿಯವರು ಪ್ರತಿ ಸಲ ಪ್ರೋಗ್ರಾಂ ಆದ ಕೂಡ್ಲೆ ಫೋನ್ ಮಾಡಿ, ನಿಮ್ಮನೆಯವರು ಇವತ್ತು ಹೀಗೆ ನಗಿಸಿದ್ರು ಅಂತ ಪೂರ್ತಿ ಕಥೆ ಹೇಳೋರು. ನಾನು ಹೂಂ ಹೂಂ ಅಂತ ಕೇಳ್ತಿದ್ದೆ. ನಮ್ಮೂರಿನ ಸುದ್ದಿ ಕೇಳಿ ನಂಗೂ ಎಷ್ಟೋ ದಿನ ಆಗಿರ್ತಿತ್ತು." ಮತ್ತೆ ನಗು. ವೈಜಯಂತಿ ಬಾಯಿಗೆ ಸೆರಗು ಹಿಡಿದಿದ್ದರು. "ಕೋಪ ಮಾಡ್ಕೊಳ್ಳೋಕೆ ಬಂದಿಲ್ಲ. ತಪ್ಪು ತಿದ್ದೋಕೆ ಬಂದೆ. ಬರೆದುಕೊಂಡು ಬಂದಿದೀನಿ."

ಕನ್ನಡಕ ಹಾಕಿಕೊಂಡು ಹಾಳೆ ಬಿಡಿಸಿದರು. ಟಾಕೀಸಿನಲ್ಲಿ ಅದಲುಬದಲಾದದ್ದು ಎರಡು ರೀಲಲ್ಲ, ಮೂರು. ಹೀರೋಯಿನ್ನಿಗೆ ಹುಟ್ಟಿದ ಮಗು ಕೂಡ ಮದುವೆಗೆ ಮುಂಚೆ ಬಂದಿತ್ತು, ಅಜ್ಜಿಯರು ಅದಕ್ಕೆ ಮಾತ್ರ ಒಪ್ಪಲಿಲ್ಲ. ಇವರಿಗೆ ನಾಚಿಕೆಯಾಗಿ ಅದನ್ನು ಬಿಟ್ಟಿರಬೇಕು. ಬಟ್ಟಲು ಓಡಾಡಿದ್ದು ಎರಡು ವರ್ಷವಲ್ಲ, ಎಂಟು ತಿಂಗಳು. ಅದು ನಿಂತದ್ದು ಇವರು ಹೇಳಿದ ಹಾಗೆ ಬಟ್ಟಲು ಒಡೆದು ಅಲ್ಲ. ಹಿತ್ತಾಳೆಯ ಬಟ್ಟಲು ಒಡೆಯುತ್ತದೆಯೇ? ಪಕ್ಕದ ಮನೆಯವರು ಕೊನೆಗೆ ಅದರಲ್ಲಿ ಒಂದು ಬೆಕ್ಕಿನ ಮರಿ ಇಟ್ಟು ಕೊಟ್ಟರು, ಅಮ್ಮ ಕೈಮುಗಿದು ಎರಡನ್ನೂ ಇಟ್ಟುಕೊಂಡರು. ಜನ ಕಣ್ಣೊರೆಸಿಕೊಂಡು ನಗುತ್ತಿದ್ದರು. ಇಂದಿರಮ್ಮ ನಗುತ್ತಿರಲಿಲ್ಲ, ಒಂದೊಂದನ್ನೇ ಓದಿ ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಇವಳು ನನಗಿಂತ ಎಷ್ಟು ಚೆನ್ನಾಗಿ ಹೇಳುತ್ತಾಳೆ ಎಂದು ಕೃಷ್ಣಮೂರ್ತಿಯವರಿಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಒಂದು ಆಸೆ ಹುಟ್ಟಿತು. ಹೀಗೇ ನಗುನಗುತ್ತ ಮುಗಿದುಹೋಗಬಹುದು. ಹಾಳೆಯ ಕೊನೆಯ ಸಾಲು ಬಂದಿತ್ತು. ವೈಜಯಂತಿ ಮಗ್ಗಿಯ ಆ ಒಂದು ಕಥೆಯನ್ನು ಫೋನಿನಲ್ಲಿ ಹೇಳಿರಲಿಕ್ಕಿಲ್ಲ. ಅವತ್ತು ಅವರಿಗೆ ನೆಗಡಿಯಾಗಿ ದನಿ ಹೋಗಿರಬಹುದು.

"ಮೇಡಂ!" ಹಿಂದಿನಿಂದ ದೇವೇಂದ್ರಪ್ಪ ಎದ್ದು ನಿಂತರು. "ಹಾಗಾದ್ರೆ ನಮ್ಮ ನೂರ ಮೂವತ್ತಾರು ಮೇಷ್ಟ್ರು? ಮಗ್ಗಿ ಮರೆತವರು? ಅವರು ನಿಮ್ಮ ತಂದೆಯವರೇನು?" ಕೇಳುವಾಗಲೇ ಅವರ ತೊಡೆ ತಟ್ಟುವ ಕೈ ಮೇಲೆದ್ದಿತ್ತು.

ಇಂದಿರಮ್ಮ ಹಾಳೆಯನ್ನು ಮಡಿಸಿದರು. ಎರಡಾಗಿ, ನಾಲ್ಕಾಗಿ. ಕನ್ನಡಕ ತೆಗೆದು ಗಂಡನನ್ನು ನೋಡಿದರು. ಮಾಸ್ಕಿನ ಹಿಂದೆ ಕೃಷ್ಣಮೂರ್ತಿಯವರ ಬಾಯಿ ತೆರೆದಿತ್ತು. ವೈಜಯಂತಿ ಹೇಳಿದ್ದಾರೆ, ಒಂದು ಮಾತನ್ನೂ ಬಿಡದೆ ಹೇಳಿದ್ದಾರೆ ಎಂದು ಅವರಿಗೆ ಆ ನೋಟದಲ್ಲಿ ಗೊತ್ತಾಯಿತು. ಮೂರು ವರ್ಷದ ಹಿಂದಿನ ಆ ಭಾನುವಾರ ಸಂಜೆ ಹೆಂಡತಿ ಕಾಫಿ ಕೊಟ್ಟು, ಎಂದಿನಂತೆ ಹೇಗಾಯ್ತು ರೀ ಎಂದು ಕೇಳಿದ್ದರು. ತಾವು ಪರವಾಗಿಲ್ಲ ಎಂದಿದ್ದರು.

"ಅಲ್ಲ," ಎಂದರು ಇಂದಿರಮ್ಮ. "ಅದೊಂದು ಕಥೆ ಅವರದ್ದೇ. ಮಗ್ಗಿ ಮರೆತದ್ದು ಅವರ ತಂದೆ. ನಮ್ಮಪ್ಪನೂ ಮೇಷ್ಟ್ರೇ, ಆದ್ರೆ ಹದಿನೇಳರ ಮಗ್ಗಿ ಅವರು ಕೊನೇ ತನಕ ಮರೆಯಲಿಲ್ಲ."

ಹಾಲ್ ಪೂರ್ತಿ ಕೃಷ್ಣಮೂರ್ತಿಯವರ ಕಡೆ ತಿರುಗಿತು. "ಹೌದಾ ಸರ್?" ಎಂದರು ದೇವೇಂದ್ರಪ್ಪ. ಗಾನವಿ ಬಗ್ಗಿ, "ತಾತ, ಮುತ್ತಾತ ತೋ ರೈಲ್ವೇಸಲ್ಲಿದ್ರು ನಾ?" ಎಂದು ಪಿಸುಗುಟ್ಟಿದಳು. ಅವಳು ಅದನ್ನು ಜೋರಾಗಿ ಹೇಳುವ ಮೊದಲೇ ಕೃಷ್ಣಮೂರ್ತಿ ಎದ್ದು ನಿಂತಿದ್ದರು. ನಿಂತ ಮೇಲೆ, ಎಲ್ಲಿಂದಲೋ, ಅಪ್ಪ ಕಂಡರು. ಯಾವ ಸ್ಟೇಷನ್ನೋ ಗೊತ್ತಿಲ್ಲ, ಎಲ್ಲ ಒಂದೇ ಥರ. ಗೂಡ್ಸ್ ಗಾಡಿ ನಿಧಾನವಾಗಿ ಸಾಗುತ್ತಿದೆ, ಅಪ್ಪ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೈಕಟ್ಟಿ ನಿಂತು ಒಂದೊಂದು ವ್ಯಾಗನ್ನಿನ ತೂಕವನ್ನೂ ಓದಿ ಮನಸ್ಸಿನಲ್ಲೇ ಕೂಡಿಸುತ್ತಿದ್ದಾರೆ. ಐವತ್ತೆಂಟು ವ್ಯಾಗನ್ನು. ಕಾಗದ ಇಲ್ಲ, ಪೆನ್ಸಿಲ್ ಇಲ್ಲ. ಕೊನೆಯ ಗಾರ್ಡ್ ಡಬ್ಬಿ ದಾಟಿದ ಕೂಡಲೇ ಮೊತ್ತ ಹೇಳುತ್ತಾರೆ, ಸ್ಟೇಷನ್ ಮಾಸ್ತರರು ಒಳಗೆ ಹೋಗಿ ಕೂಡಿಸಿ ಬಂದು ತಲೆಯಾಡಿಸುತ್ತಾರೆ. ಪೋರ್ಟರುಗಳು ಶಿಳ್ಳೆ ಹೊಡೆಯುತ್ತಾರೆ. ಅಪ್ಪನ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ. ಇದು ತನ್ನದೇ ಆಗಿತ್ತು, ಯಾರಿಂದಲೂ ಕೇಳಿದ್ದಲ್ಲ, ಹನ್ನೆರಡು ವರ್ಷದಲ್ಲಿ ಒಂದು ಸಲವೂ ಹೇಳಬೇಕೆಂದು ತೋಚಿರಲಿಲ್ಲ. ಈಗ ಹೇಳಿದರೆ ಈ ಹಾಲಿನಲ್ಲಿ ಯಾರೂ ನಂಬುವುದಿಲ್ಲ. ನಂಬಿದರೆ, ಹಾಗಾದರೆ ಮಗ್ಗಿ ಮರೆತವರು ಯಾರು ಎಂದು ಕೇಳುತ್ತಾರೆ.

ಅವರು ಮಾಸ್ಕ್ ತೆಗೆದರು.

"ಹೌದು," ಎಂದರು. "ನಮ್ಮಪ್ಪನೇ."

ದೇವೇಂದ್ರಪ್ಪ ತೊಡೆ ತಟ್ಟಿದರು. ಹಾಲ್ ನಕ್ಕಿತು. ಮೂರು ವರ್ಷದ ಹಿಂದೆ ನಕ್ಕಷ್ಟೇ ಜೋರಾಗಿ ನಕ್ಕಿತು. ಅಪ್ಪ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಂದು ಸಲ ತಿರುಗಿ ನೋಡಿದಂತೆ ಕೃಷ್ಣಮೂರ್ತಿಯವರಿಗೆ ಅನಿಸಿತು. ಮುಖ ಮಾತ್ರ ಅಭ್ಯಾಸಬಲದಿಂದ ಎಲ್ಲರ ಜೊತೆ ನಗುತ್ತಿತ್ತು. ಕೂತರು. ಚಪ್ಪಾಳೆಯ ನಡುವೆ ಇಂದಿರಮ್ಮ ಮೆಟ್ಟಿಲಿಳಿದು ಬಂದು, ಸೀರೆ ಸರಿಮಾಡಿಕೊಂಡು ಪಕ್ಕದಲ್ಲಿ ಕೂತರು.

"ನೋವಾಯ್ತಾ?" ಎಂದು ಮೆಲ್ಲಗೆ ಕೇಳಿದರು, ಅವರ ಕಡೆ ನೋಡದೆ.

"ಆಯ್ತು."

"ಆಗ್ಲಿ," ಎಂದರು ಇಂದಿರಮ್ಮ.